ಗಟಾರ ನೋಡುವವರು ಯಾರು? ಲೋಕೋಪಯೋಗಿ ಇಲಾಖೆಯ ಸಿಬ್ಬಂದಿ ಮತ್ತು ತರಬೇತಿಯ ಬಗ್ಗೆ ಕೆಲವು ಮಾತು

(ಎಂಜಿನಿಯರುಗಳ ದಿನಾಚರಣೆಯ ನಿಮಿತ್ತ ಕಾರವಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಂಜಿನಿಯರುಗಳ ದಿನದಂದು ಅಣೆಕಟ್ಟು, ಸುರಂಗ, ದೊಡ್ಡ ಸೇತುವೆಗಳಂಥ ವಿಷಯಗಳ ಮೇಲೆ ಮಾತನಾಡಿಸುವುದು ವಾಡಿಕೆ. ಸಂಘಟಕರು ನನಗೆ ಕೊಟ್ಟದ್ದು ‘ಲೋಕೋಪಯೋಗಿ ಇಲಾಖೆಯಲ್ಲಿ ಸಿಬ್ಬಂದಿಯ ಸಂಘಟನೆ ಮತ್ತು ತರಬೇತಿ’ ಎಂಬ ವಿಷಯ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ. ಆದರೂ ಒಪ್ಪಿಕೊಂಡೆ. ಈ ಜಿಲ್ಲೆಯಲ್ಲಿ ಇತ್ತೀಚಿನ ಮಳೆಗಾಲಗಳು ನಮ್ಮ ಮುಂದೆ ಇಟ್ಟದ್ದು ಬರೀ ಕಾಂಕ್ರೀಟಿನ ಪ್ರಶ್ನೆಯಲ್ಲ. ಯಾರು, ಯಾವಾಗ, ಎಲ್ಲಿಗೆ ಹೋಗಿ ನೋಡಬೇಕಿತ್ತು, ನೋಡಿದ್ದನ್ನು ಯಾರಿಗೆ ಹೇಳಬೇಕಿತ್ತು ಎಂಬ ಪ್ರಶ್ನೆಯೂ ಅದರಲ್ಲಿತ್ತು. ಅದು ಸಿಬ್ಬಂದಿಯ ಪ್ರಶ್ನೆ.

ಸಭೆಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು ಬಹಳ ಮಂದಿ ಇದ್ದೀರಿ. ನಿಮಗಾಗಿ ಇಲಾಖೆಯ ಶ್ರೇಣಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರಸ್ತೆಯ ಮೇಲೆ ಗ್ಯಾಂಗ್‌ಮನ್. ಅವರನ್ನು ನೋಡಿಕೊಳ್ಳುವ ಮೇಸ್ತ್ರಿ ಅಥವಾ ವರ್ಕ್ ಇನ್‌ಸ್ಪೆಕ್ಟರ್. ಶಾಖೆಗೆ ಕಿರಿಯ ಅಥವಾ ಸಹಾಯಕ ಎಂಜಿನಿಯರ್. ಉಪವಿಭಾಗಕ್ಕೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ವಿಭಾಗಕ್ಕೆ ಕಾರ್ಯನಿರ್ವಾಹಕ ಎಂಜಿನಿಯರ್. ವೃತ್ತಕ್ಕೆ ಅಧೀಕ್ಷಕ ಎಂಜಿನಿಯರ್. ಅದರ ಮೇಲೆ ಮುಖ್ಯ ಎಂಜಿನಿಯರ್. ಪತ್ರಿಕೆಗಳಲ್ಲಿ ಹೆಸರು ಬರುವುದು ಮೇಲಿನ ಮೂವರದು. ರಸ್ತೆ ಹಾಳಾದಾಗ ಬೈಗುಳ ಬೀಳುವುದು ನಡುವಿನವರಿಗೆ. ಕೆಳಗಿನ ಇಬ್ಬರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಇವತ್ತು ನಾನು ಹೆಚ್ಚು ಹೊತ್ತು ಮಾತನಾಡುವುದು ಅವರ ಬಗ್ಗೆಯೇ.

ಈ ಚೌಕಟ್ಟು ನಾವು ಕಟ್ಟಿಕೊಂಡದ್ದಲ್ಲ. 1854ರಲ್ಲಿ ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ರಸ್ತೆ, ಕಾಲುವೆ, ಕಟ್ಟಡಗಳ ಕೆಲಸವನ್ನು ಮಿಲಿಟರಿ ಬೋರ್ಡಿನಿಂದ ಬಿಡಿಸಿ ಲೋಕೋಪಯೋಗಿ ಇಲಾಖೆಯನ್ನು ಕಟ್ಟಿದರು. ಅದೇ ವರ್ಷ ಪುಣೆಯಲ್ಲಿ ಒಂದು ಎಂಜಿನಿಯರಿಂಗ್ ಶಾಲೆ ಆರಂಭವಾಯಿತು. ಮುಂದೆ ಅದು ದೇಶದ ಹೆಸರಾಂತ ಕಾಲೇಜಾಗಿ ಬೆಳೆಯಿತು. ಆದರೆ ಅದು ಮೊದಲು ಬಾಗಿಲು ತೆರೆದದ್ದು ಇಲಾಖೆಯ ಕೆಳಹಂತದ ಸಿಬ್ಬಂದಿಯನ್ನು ತಯಾರು ಮಾಡಲು. ಅಂದರೆ ಇಲಾಖೆ ಹುಟ್ಟಿದ ವರ್ಷವೇ ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವವರಿಗೆ ಪಾಠ ಹೇಳಬೇಕು ಎಂಬ ಬುದ್ಧಿ ಆಳುವವರಿಗೆ ಇತ್ತು. ಅವರ ಉದ್ದೇಶ ಬೇರೆ, ಅದನ್ನು ಹೊಗಳಬೇಕಾಗಿಲ್ಲ. ಆದರೆ ಕ್ರಮವನ್ನು ಗಮನಿಸಿ. ಇಂದು ನಮ್ಮಲ್ಲಿ ತರಬೇತಿಯೆಂದರೆ ಮೇಲಿನಿಂದ ಶುರುವಾಗುತ್ತದೆ, ಕೆಳಗೆ ಬರುವಷ್ಟರಲ್ಲಿ ಅನುದಾನ ಮುಗಿದಿರುತ್ತದೆ.

ಇವತ್ತು ಯಾರ ಭಾವಚಿತ್ರಕ್ಕೆ ಹಾರ ಹಾಕಿದ್ದೇವೋ ಆ ವಿಶ್ವೇಶ್ವರಯ್ಯನವರು ಓದಿದ್ದು ಪುಣೆಯ ಆ ಕಾಲೇಜಿನಲ್ಲಿ. 1884ರಲ್ಲಿ ಅವರು ನೌಕರಿಗೆ ಸೇರಿದ್ದು ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಗೆ, ಸಹಾಯಕ ಎಂಜಿನಿಯರ್ ಆಗಿ. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ನಮ್ಮ ಜಿಲ್ಲೆಯೂ 1862ರಿಂದ 1956ರ ತನಕ ಅದೇ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಆ ಹಳೆಯ ಇಲಾಖೆಯ ಶಿಸ್ತು, ಅದರ ಮುಕಾದಮರು, ಕಾರಕೂನರು, ಬಂಗಲೆಗಳು, ನಮಗೆ ಹಳೇ ಮೈಸೂರಿನವರಿಗಿಂತ ಹತ್ತಿರದವು.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ದೂರು ಇಷ್ಟು: ನಮ್ಮ ಇಲಾಖೆ ಹಣ ಖರ್ಚು ಮಾಡುವುದಕ್ಕೆ ಚೆನ್ನಾಗಿ ಸಂಘಟಿತವಾಗಿದೆ, ರಸ್ತೆಯನ್ನು ನೋಡಿಕೊಳ್ಳುವುದಕ್ಕೆ ಹಾಗೆ ಸಂಘಟಿತವಾಗಿಲ್ಲ.

ಒಬ್ಬ ಸಹಾಯಕ ಎಂಜಿನಿಯರ್ ಏನೇನು ಬರೆಯುತ್ತಾರೆ ನೋಡಿ. ಅಂದಾಜು ಪಟ್ಟಿ ಬರೆಯುತ್ತಾರೆ. ಅದಕ್ಕೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ. ಆಮೇಲೆ ಟೆಂಡರ್, 1999ರ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ಅದಕ್ಕೊಂದು ಕಟ್ಟುನಿಟ್ಟು ಬಂದಿದೆ, ಒಳ್ಳೆಯದೇ. ಕೆಲಸ ನಡೆದ ಮೇಲೆ ಅಳತೆ ಪುಸ್ತಕ. ಅಳತೆ ಪುಸ್ತಕವನ್ನು ನೋಡದ ವಿದ್ಯಾರ್ಥಿಗಳು ಒಮ್ಮೆ ಕೇಳಿ ತೆಗೆದು ನೋಡಬೇಕು. ಪ್ರತಿ ಪುಟಕ್ಕೆ ಸಂಖ್ಯೆ, ಶಾಯಿಯಲ್ಲೇ ಬರೆಯಬೇಕು, ಅಳಿಸುವಂತಿಲ್ಲ, ತಪ್ಪಿದರೆ ಗೆರೆ ಎಳೆದು ಸಹಿ ಹಾಕಬೇಕು. ಉದ್ದ, ಅಗಲ, ದಪ್ಪ, ಒಟ್ಟು ಪರಿಮಾಣ. ಮೇಲಿನ ಅಧಿಕಾರಿ ಬಂದು ಮತ್ತೆ ಅಳೆದು ನೋಡಿ ಸಹಿ ಮಾಡಬೇಕು. ಇಷ್ಟು ಬಿಗಿಯಾದ ದಾಖಲೆ ಬೇರೆ ಇಲಾಖೆಗಳಲ್ಲಿ ಕಡಿಮೆ. ದುಡ್ಡು ಎಲ್ಲಿ ಹೋಯಿತು ಎಂದು ಐವತ್ತು ವರ್ಷದ ನಂತರವೂ ಹುಡುಕಬಹುದು.

ಆದರೆ ಆ ಪುಸ್ತಕದಲ್ಲಿ ‘ಈ ಮೋರಿಯ ಕೆಳಬದಿಯಲ್ಲಿ ಮಣ್ಣು ಕೊರೆಯುತ್ತಿದೆ’ ಎಂದು ಬರೆಯಲು ಜಾಗವಿಲ್ಲ. ‘ದರೆಯ ನೆತ್ತಿಯಲ್ಲಿ ಬಿರುಕು ಕಾಣುತ್ತಿದೆ, ಕಳೆದ ವರ್ಷ ಇರಲಿಲ್ಲ’ ಎಂದು ಬರೆಯಲೂ ಜಾಗವಿಲ್ಲ. (ಮೋರಿ ಎಂದರೆ ರಸ್ತೆಯ ಅಡಿಯಲ್ಲಿ ನೀರು ದಾಟುವ ದಾರಿ, ದರೆ ಎಂದರೆ ರಸ್ತೆಗಾಗಿ ಕಡಿದ ಗುಡ್ಡದ ಬದಿ.) ಬಿಲ್ಲಾಗುವ ಕೆಲಸಕ್ಕೆ ಪುಸ್ತಕವಿದೆ, ಬಿಲ್ಲಾಗದ ಕೆಲಸ ಬಾಯಿಮಾತಿನಲ್ಲಿ ಉಳಿಯುತ್ತದೆ. ಬಾಯಿಮಾತು ಉಳಿಯುವುದು ಆ ಬಾಯಿ ಆ ಊರಿನಲ್ಲಿ ಇರುವ ತನಕ.

ಆ ಬಾಯಿಮಾತು ಬಹುಕಾಲ ಮೈಲುಕೂಲಿಗಳ ಹತ್ತಿರ ಇತ್ತು. ಇಲ್ಲಿನ ಹಿರಿಯರಿಗೆ ನೆನಪಿರುತ್ತದೆ. ಇಷ್ಟು ಮೈಲಿಗೆ ಇಷ್ಟು ಜನ ಎಂದು ಗೊತ್ತುಮಾಡಿ ರಸ್ತೆಯನ್ನು ಹಂಚಿಕೊಡುತ್ತಿದ್ದರು. ಕೈಯಲ್ಲಿ ಗುದ್ದಲಿ, ಪಿಕಾಸಿ, ಬುಟ್ಟಿ, ಕತ್ತಿ; ತಲೆಯ ಮೇಲೆ ಕಂಬಳಿ ಕೊಪ್ಪೆ. ದೇವಿಮನೆ ಘಟ್ಟವಿರಲಿ, ಅರಬೈಲ್ ಘಟ್ಟವಿರಲಿ, ಅಣಶಿ ಘಟ್ಟವಿರಲಿ, ಮಳೆಗಾಲದಲ್ಲಿ ಅವರ ಕೆಲಸ ಒಂದೇ: ನೀರನ್ನು ರಸ್ತೆಯ ಮೇಲೆ ನಿಲ್ಲಗೊಡದಿರುವುದು. ಬಿದ್ದ ಕೊಂಬೆ, ತರಗೆಲೆ, ಜಾರಿದ ಮಣ್ಣು ಗಟಾರಕ್ಕೆ ಅಡ್ಡ ಕೂತ ಕೂಡಲೇ ಎತ್ತಿ ಬಿಸಾಡುವುದು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಒಂದು ಮೋರಿಯ ಬಾಯಿ ಒಂದು ರಾತ್ರಿ ಕಟ್ಟಿಕೊಂಡರೆ ಸಾಕು, ನೀರು ರಸ್ತೆಯನ್ನು ಹತ್ತಿ ಇನ್ನೊಂದು ಬದಿಯ ಏರಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಬೆಳಿಗ್ಗೆ ಬಸ್ ಬಂದ್. ಒಂದು ಬುಟ್ಟಿ ಮಣ್ಣು ಎತ್ತುವುದಕ್ಕೂ ಲಕ್ಷಾಂತರ ರೂಪಾಯಿಯ ದುರಸ್ತಿಗೂ ನಡುವೆ ಇರುವುದು ಒಂದು ರಾತ್ರಿ ಮತ್ತು ಒಬ್ಬ ಮನುಷ್ಯ.

ಆ ಮನುಷ್ಯನಿಗೆ ಯಾವ ದರೆ ಯಾವ ನಕ್ಷತ್ರದ ಮಳೆಗೆ ಜಾರುತ್ತದೆ ಎಂದು ಗೊತ್ತಿತ್ತು. ಎಲ್ಲಿ ಒಸರು ಏಳುತ್ತದೆ, ಒಸರಿನ ನೀರು ತಿಳಿಯಾಗಿದೆಯೋ ಕೆಂಪಾಗಿದೆಯೋ, ಕೆಂಪಾದರೆ ಒಳಗಿನಿಂದ ಮಣ್ಣು ಬರುತ್ತಿದೆ ಎಂದು ಗೊತ್ತಿತ್ತು. ತಡೆಗೋಡೆಯ ತೂತುಗಳಲ್ಲಿ ನೀರು ಬರುವುದು ನಿಂತಿತೆಂದರೆ ಸಮಾಧಾನ ಪಡುವುದಲ್ಲ, ಹೆದರಬೇಕು, ನೀರು ಹಿಂದೆ ಕಟ್ಟಿಕೊಂಡಿದೆ ಎಂದು ಅರ್ಥ. ಇದನ್ನು ನಾನು ಕಾಲೇಜಿನಲ್ಲಿಯೂ ಓದಿದ್ದೆ. ಅರ್ಥವಾದದ್ದು ಮಾತ್ರ ಒಬ್ಬ ಮೈಲುಕೂಲಿ ಗೋಡೆಗೆ ಕೋಲು ಚುಚ್ಚಿ ತೋರಿಸಿದಾಗ. ಕೋಲು ತೂತಿನೊಳಗೆ ಒಂದು ಗೇಣು ಹೋಗಿ ನಿಂತಿತು, ಜಾಡಿಸಿ ಎಳೆದಾಗ ಬೇರು ಮಣ್ಣಿನ ಮುದ್ದೆಯೊಂದಿಗೆ ನೀರು ಚಿಮ್ಮಿತು. ಅವರು ಕೊಂಕಣಿಯಲ್ಲಿ ಏನೋ ಹೇಳಿ ನಕ್ಕರು. ನನ್ನ ಅಂಗಿ ನೋಡಿ ನಕ್ಕಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹಾಡುತ್ತಿಲ್ಲ. ಆ ವ್ಯವಸ್ಥೆ ನಿಂತಿದ್ದದ್ದು ಬಡವರ ಬೆನ್ನಿನ ಮೇಲೆ. ವರ್ಷಾನುಗಟ್ಟಲೆ ದುಡಿದವರನ್ನು ದಿನಗೂಲಿಯಲ್ಲೇ ಇಟ್ಟಿದ್ದರು, ರಜೆಯಿಲ್ಲ, ಪಿಂಚಣಿಯಿಲ್ಲ. ನ್ಯಾಯಕ್ಕಾಗಿ ಅವರು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ನಮ್ಮ ನೆರೆಯ ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಸಂಘದ ಪ್ರಕರಣದಲ್ಲಿ 1990ರಲ್ಲಿ ಬಂದ ತೀರ್ಪು ರಾಜ್ಯದ ಸಾವಿರಾರು ಮನೆಗಳಿಗೆ ದೀಪ ಹಚ್ಚಿತು. ಆಮೇಲೆ 2006ರಲ್ಲಿ ಉಮಾದೇವಿ ಪ್ರಕರಣ, ಅದೂ ಕರ್ನಾಟಕದ್ದೇ. ನೇಮಕಾತಿ ನಿಯಮ ಬಿಟ್ಟು ಒಳಗೆ ಬಂದವರನ್ನು ಕಾಯಂ ಮಾಡಿಕೊಳ್ಳುವುದು ಹಕ್ಕಲ್ಲ ಎಂದು ನ್ಯಾಯಾಲಯ ಹೇಳಿತು. ಎರಡೂ ತೀರ್ಪುಗಳ ತರ್ಕಕ್ಕೆ ಬೆಲೆಯಿದೆ. ಆದರೆ ಆಡಳಿತ ಅವುಗಳಿಂದ ಕಲಿತ ಪಾಠ ವಿಚಿತ್ರವಾದದ್ದು: ದಿನಗೂಲಿಯವರನ್ನು ಇಟ್ಟುಕೊಳ್ಳುವುದೇ ಬೇಡ, ಕಾಯಂ ಹುದ್ದೆಯನ್ನೂ ತುಂಬುವುದು ಬೇಡ, ಎಲ್ಲವನ್ನೂ ಗುತ್ತಿಗೆಗೆ ಕೊಟ್ಟುಬಿಡೋಣ. ಇದ್ದವರು ನಿವೃತ್ತರಾದರು. ಅವರ ಜಾಗದಲ್ಲಿ ಇವತ್ತು ಮಳೆಗಾಲಕ್ಕೆ ಮುಂಚೆ ಒಂದು ಜೆಸಿಬಿ ಬಂದು ಗಟಾರ ಕೆರೆದು ಹೋಗುತ್ತದೆ. ಜೆಸಿಬಿ ವೇಗವಾಗಿ ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ಅದು ದರೆಯ ಬುಡವನ್ನೂ ಸೇರಿಸಿ ಕೆರೆಯುತ್ತದೆ. ಬುಡ ಹೋದ ದರೆ ಆಷಾಢ ಮುಗಿಯುವುದರೊಳಗೆ ಗಟಾರಕ್ಕೆ ಬಂದು ಕೂರುತ್ತದೆ. ಆಗ ಮತ್ತೆ ಜೆಸಿಬಿ, ಮತ್ತೆ ಬಿಲ್ಲು.

2024ರ ಮಳೆಗಾಲದ ಬಗ್ಗೆ ಎರಡು ಮಾತು ಹೇಳದೆ ಕಾರವಾರದಲ್ಲಿ ಈ ವಿಷಯ ಮಾತನಾಡಲಾಗದು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು. ಹೆದ್ದಾರಿ ಬದಿಯ ಚಹಾ ಅಂಗಡಿಯಲ್ಲಿದ್ದವರು, ಲಾರಿ ನಿಲ್ಲಿಸಿ ವಿಶ್ರಮಿಸುತ್ತಿದ್ದವರು ಜೀವ ಕಳೆದುಕೊಂಡರು. ಮೂರು ವಾರ ಕಳೆದ ಬೆನ್ನಲ್ಲೇ, ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಅದರ ಚಾಲಕರನ್ನು ಬದುಕಿಸಿ ತಂದರು. ನಾಲ್ಕು ದಶಕ ದಾಟಿದ ಸೇತುವೆ ಅದು. ಎರಡೂ ನಡೆದದ್ದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಯಾರು ಹೊಣೆ ಎಂಬುದನ್ನು ತೀರ್ಮಾನಿಸುವ ಜಾಗ ಈ ವೇದಿಕೆಯಲ್ಲ, ನಾನು ಅದಕ್ಕೆ ಕೈ ಹಾಕುವುದೂ ಇಲ್ಲ. ಆದರೆ ಯಾವ ಸಂಸ್ಥೆಯ ರಸ್ತೆಯೇ ಆಗಲಿ, ಗುಡ್ಡದ ನೆತ್ತಿಗೆ ಹತ್ತಿ, ಸೇತುವೆಯ ಅಡಿಗೆ ದೋಣಿಯಲ್ಲಿ ಹೋಗಿ ನೋಡುವವರು ಬೇಕು. ಅವರಿಗೆ ಏನು ನೋಡಬೇಕೆಂಬುದು ಗೊತ್ತಿರಬೇಕು.

ಏನು ನೋಡಬೇಕು ಎಂಬುದು ಗುಟ್ಟೇನಲ್ಲ. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೇತುವೆಗಳ ತಪಾಸಣೆಗೆಂದೇ ಒಂದು ಕೈಪಿಡಿ ಪ್ರಕಟಿಸಿದೆ. ಬೇರಿಂಗ್ ಸರಿದಿದೆಯೇ, ಹಿಗ್ಗುವ ಸಂದುಗಳಲ್ಲಿ ಕಸ ತುಂಬಿದೆಯೇ, ನೀರು ಹೋಗುವ ಕೊಳವೆ ಕಟ್ಟಿದೆಯೇ, ಕಂಬದ ಬುಡದಲ್ಲಿ ಹೊಳೆ ಮರಳನ್ನು ಕೊರೆದಿದೆಯೇ, ಕಾಂಕ್ರೀಟಿನ ಮೇಲೆ ತುಕ್ಕಿನ ಕಲೆ ಇಳಿದಿದೆಯೇ, ಎಲ್ಲವೂ ಅದರಲ್ಲಿದೆ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸೇತುವೆ ನೋಡುವುದು ಹಳೆಯ ಪದ್ಧತಿ. ಕೈಪಿಡಿ ಇಂಗ್ಲಿಷಿನಲ್ಲಿದೆ, ಕಚೇರಿಯ ಕಪಾಟಿನಲ್ಲಿದೆ. ವರ್ಕ್ ಇನ್‌ಸ್ಪೆಕ್ಟರ್ ಹೊಳೆಯ ದಂಡೆಯಲ್ಲಿದ್ದಾರೆ. ಅವರಿಬ್ಬರಿಗೂ ಪರಿಚಯವಿಲ್ಲ.

ತರಬೇತಿ ಎಂದರೆ ನನ್ನ ಲೆಕ್ಕದಲ್ಲಿ ಈ ಪರಿಚಯ ಮಾಡಿಸುವುದು. ಈಗ ನಡೆಯುವ ತರಬೇತಿಯ ಕತೆ ನಿಮಗೆಲ್ಲ ಗೊತ್ತು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ, ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ, ನೋಯ್ಡಾದಲ್ಲಿ ಹೆದ್ದಾರಿ ಎಂಜಿನಿಯರುಗಳ ರಾಷ್ಟ್ರೀಯ ಅಕಾಡೆಮಿ ಇದೆ. ಒಳ್ಳೆಯ ಸಂಸ್ಥೆಗಳು. ಸೇವಾ ನಿಯಮ, ಖಾತೆ, ಕಡತ ನಿರ್ವಹಣೆ, ಹೊಸ ತಂತ್ರಜ್ಞಾನ, ಇವನ್ನೆಲ್ಲ ಕಲಿಯಲು ಅಲ್ಲಿಗೆ ಹೋಗಲೇಬೇಕು. ಆದರೆ ಅಲ್ಲಿಗೆ ಹೋಗುವವರು ಯಾರು? ಉಪವಿಭಾಗದಲ್ಲಿ ಯಾರಿಗೆ ಕೆಲಸ ಕಡಿಮೆಯೋ ಅವರನ್ನು ಕಳುಹಿಸುತ್ತಾರೆ. ಕೆಲಸವಿರುವವರನ್ನು ಬಿಟ್ಟುಕೊಡಲು ಯಾವ ಅಧಿಕಾರಿಗೂ ಮನಸ್ಸಿಲ್ಲ. ಮೂರು ದಿನ ಪರದೆಯ ಮೇಲೆ ಚಿತ್ರ ನೋಡಿ, ಪ್ರಮಾಣಪತ್ರ ಹಿಡಿದು ಬರುತ್ತಾರೆ. ಬಂದ ಮೇಲೆ ಏನು ಕಲಿತಿರಿ ಎಂದು ಯಾರೂ ಕೇಳುವುದಿಲ್ಲ. ಗ್ಯಾಂಗ್‌ಮನ್‌ಗಳಿಗೆ, ವರ್ಕ್ ಇನ್‌ಸ್ಪೆಕ್ಟರರಿಗೆ ಅಷ್ಟೂ ಸಿಗುವುದು ಅಪರೂಪ.

ನಾನು ಮಾಡಿಸಿದ, ಮಾಡಿಸಬೇಕೆಂದು ಹೇಳುವ ತರಬೇತಿ ಹೇಗಿರುತ್ತದೆ ಎಂಬುದನ್ನು ಒಂದೇ ಉದಾಹರಣೆಯಲ್ಲಿ ವಿವರವಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಕಾಂಕ್ರೀಟಿನ ಮೊದಲ ಶತ್ರು ಉಪ್ಪು. ಉಪ್ಪು ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿದು ಸರಳನ್ನು ಮುಟ್ಟಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಕೇಳುತ್ತದೆ, ಜಾಗಕ್ಕಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅದಕ್ಕಾಗಿ ಸರಳಿನ ಹೊರಗೆ ಇಷ್ಟು ದಪ್ಪದ ಕಾಂಕ್ರೀಟಿನ ಹೊದಿಕೆ ಇರಬೇಕೆಂದು ಐಎಸ್ 456 ಸಂಹಿತೆ, 2000ದ ಆವೃತ್ತಿ, ಹೇಳುತ್ತದೆ. ಒಳನಾಡಿನ ಒಣ ಕಟ್ಟಡಕ್ಕೆ 20 ಮಿಲಿಮೀಟರ್ ನಡೆಯುತ್ತದೆ. ಕರಾವಳಿಯ ಹವೆಗೆ 45, ಸಮುದ್ರದ ನೀರು ಸಿಡಿಯುವ ಕಡೆ 50, ಉಬ್ಬರವಿಳಿತದ ನೀರಿನಲ್ಲಿ ನಿಲ್ಲುವ ಭಾಗಕ್ಕೆ 75. ನಕ್ಷೆಯಲ್ಲಿ ಇದು ಒಂದು ಸಣ್ಣ ಟಿಪ್ಪಣಿ.

ಸ್ಥಳದಲ್ಲಿ ಏನಾಗುತ್ತದೆ? ಸರಳು ಕಟ್ಟುವ ಹುಡುಗ ಬಳ್ಳಾರಿಯವನೋ ಬಂಗಾಳದವನೋ ಆಗಿರುತ್ತಾನೆ. ಸರಳಿನ ಅಡಿಗೆ ಇಟ್ಟು ಹೊದಿಕೆಯ ದಪ್ಪ ಕಾಯುವ ಕವರ್ ಬ್ಲಾಕ್ ಮುಗಿದಿರುತ್ತವೆ. ಪಕ್ಕದಲ್ಲಿ ಬಿದ್ದ ಜಲ್ಲಿ ಚೂರು ಎತ್ತಿ ಸರಳಿನ ಅಡಿಗೆ ಸಿಕ್ಕಿಸುತ್ತಾನೆ. ಅದು 20 ಮಿಲಿಮೀಟರ್ ಇರಬಹುದು, 25 ಇರಬಹುದು. ಅವನ ತಪ್ಪಲ್ಲ, ಅವನೂರಿನಲ್ಲಿ ಅಷ್ಟು ಸಾಕು. ಇದನ್ನು ಹಿಡಿಯಬೇಕಾದವರು ವರ್ಕ್ ಇನ್‌ಸ್ಪೆಕ್ಟರ್. ಅವರಿಗೆ ಸಂಹಿತೆ ಓದಿಸಬೇಕಾಗಿಲ್ಲ. ಸದಾಶಿವಗಡದ ಕಡೆಯಲ್ಲೋ ತದಡಿಯಲ್ಲೋ ಹಳೆಯ ಒಂದು ಕಟ್ಟಡದ ಬಳಿಗೆ ಕರೆದೊಯ್ಯಿರಿ. ಸುಲಿದು ಬಿದ್ದ ಕಂಬವನ್ನು ತೋರಿಸಿ. ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಒಳಗೆ ಸೀಳಿದ ಕಡೆ ಟೊಳ್ಳು ಸದ್ದು. ಒಂದು ಚಕ್ಕೆ ಕೀಳಿಸಿ, ಒಳಗಿನ ಸರಳು ಹೊರಮೈಯಿಂದ ಎಷ್ಟು ಆಳದಲ್ಲಿದೆ ಎಂದು ಅವರ ಕೈಯಲ್ಲೇ ಅಳೆಸಿ. ಹದಿನೆಂಟೋ ಇಪ್ಪತ್ತೋ ಮಿಲಿಮೀಟರ್ ಬರುತ್ತದೆ. ಆಮೇಲೆ 50 ಮಿಲಿಮೀಟರಿನ ಒಂದು ಕವರ್ ಬ್ಲಾಕ್ ಅವರ ಕೈಗಿಡಿ. ಮಾತು ಬೇಡ. ಮರುದಿನದಿಂದ ಅವರು ಕೆಲಸದ ಸ್ಥಳಕ್ಕೆ ಹೋದರೆ ಮೊದಲು ಬಗ್ಗಿ ನೋಡುವುದು ಸರಳಿನ ಅಡಿಯನ್ನು.

ಹೀಗೆಯೇ ರಸ್ತೆಯ ಮೈಗೂ. ಮೂರು ಮುಕ್ಕಾಲು ಮೀಟರ್ ಅಗಲದ ಡಾಂಬರು ರಸ್ತೆಯ ನಡುಭಾಗ ಅಂಚಿಗಿಂತ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಎತ್ತರ ಇದ್ದರೆ ನಮ್ಮ ಮಳೆಗೆ ನೀರು ಬದಿಗೆ ಇಳಿಯುತ್ತದೆ. ಅಂಚಿನಿಂದ ಅಂಚಿಗೆ ದಾರ ಎಳೆದು ನೋಡಲು ಯಂತ್ರ ಬೇಡ. ಡಾಂಬರು ಹಾಕಿದ ಮರುವರ್ಷವೇ ಬದಿಯ ಮಣ್ಣು ರಸ್ತೆಗಿಂತ ಎತ್ತರವಾಗಿ ಬೆಳೆದುಬಿಟ್ಟಿರುತ್ತದೆ, ಮೇಲೆ ಹುಲ್ಲು. ನೀರು ರಸ್ತೆಯಲ್ಲೇ ಹರಿಯುತ್ತದೆ, ಹೊಂಡ ಬೀಳುತ್ತದೆ, ಜನ ಡಾಂಬರನ್ನು ಬೈಯುತ್ತಾರೆ. ಡಾಂಬರಿನ ವಿಷಯದಲ್ಲಿಯೂ ಬೈಯಬೇಕಾದದ್ದು ಇದೆ. ಉರುಳೆ ಓಡುವಾಗ ಮಿಶ್ರಣದ ಬಿಸಿ 90 ಡಿಗ್ರಿಗಿಂತ ಕೆಳಗಿಳಿದಿದ್ದರೆ ಅದು ಕೂರುವುದಿಲ್ಲ. ದೂರದ ಪ್ಲಾಂಟಿನಿಂದ ಘಟ್ಟ ಹತ್ತಿ ಬರುವ ಟಿಪ್ಪರಿಗೆ ತಾಡಪತ್ರಿ ಹೊದಿಸಿದ್ದಾರೋ ಇಲ್ಲವೋ ನೋಡುವುದು, ಉಷ್ಣಮಾಪಕ ಚುಚ್ಚಿ ಓದುವುದು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ವಿದ್ಯೆ. ಉಷ್ಣಮಾಪಕ ಮಾತ್ರ ಕಪಾಟಿನಲ್ಲಿರಬಾರದು, ಜೇಬಿನಲ್ಲಿರಬೇಕು.

ತರಬೇತಿಯ ಸಮಯ ಯಾವುದು? ಏಪ್ರಿಲ್. ಬೇಸಿಗೆಯ ಕೆಲಸಗಳು ನಡೆಯುತ್ತಿರುತ್ತವೆ, ಮಳೆಗಾಲ ಎದುರಿಗಿರುತ್ತದೆ, ಹಳ್ಳಗಳು ಒಣಗಿದ್ದು ಮೋರಿಯೊಳಗೆ ನುಗ್ಗಿ ನೋಡಬಹುದು. ಜಾಗ ಯಾವುದು? ಅವರವರ ಶಾಖೆಯ ರಸ್ತೆ. ಕಲಿಸುವವರು ಯಾರು? ಪಕ್ಕದ ಉಪವಿಭಾಗದ ಎಂಜಿನಿಯರ್, ನಿವೃತ್ತ ಮೇಸ್ತ್ರಿ, ಪಾಲಿಟೆಕ್ನಿಕ್‌ನ ಉಪನ್ಯಾಸಕರು. ಭಾಷೆ ಕನ್ನಡ, ಬೇಕಾದ ಕಡೆ ಕೊಂಕಣಿ. ಗುತ್ತಿಗೆದಾರರ ಮೇಸ್ತ್ರಿಗಳನ್ನೂ ಕೂರಿಸಿ. ಅವರಿಗೆ ನಾವೇಕೆ ಕಲಿಸಬೇಕು ಎಂದು ಕೇಳುವವರಿದ್ದಾರೆ. ಇವತ್ತು ನಮ್ಮ ಸೇತುವೆಯನ್ನು ಕೈಯಿಂದ ಕಟ್ಟುತ್ತಿರುವವರು ಅವರೇ, ನಾವಲ್ಲ.

ಈಗ ವರ್ಗಾವಣೆ. ಇದನ್ನು ಹೇಳಿದರೆ ಸಭೆಯಲ್ಲಿ ಇಲಾಖೆಯವರು ನಗುತ್ತಾರೆ ಎಂದು ಗೊತ್ತಿತ್ತು, ನಕ್ಕಿರಿ. ಸರ್ಕಾರಿ ನೌಕರರ ಸಾರ್ವತ್ರಿಕ ವರ್ಗಾವಣೆ ನಡೆಯುವುದು ಮೇ, ಜೂನ್ ತಿಂಗಳಿನಲ್ಲಿ. ಶಾಲೆ ತೆರೆಯುವ ಸಮಯ, ಮಕ್ಕಳಿಗೆ ಅನುಕೂಲ, ಬಯಲುಸೀಮೆಯಲ್ಲಿ ಯಾರಿಗೂ ತೊಂದರೆಯಿಲ್ಲ. ನಮ್ಮಲ್ಲಿ ಮುಂಗಾರು ಕಾಲಿಡುವುದು ಅದೇ ಜೂನ್ ಮೊದಲ ವಾರ. ಏಪ್ರಿಲಿನಲ್ಲಿ ಮೋರಿಗಳನ್ನೆಲ್ಲ ನೋಡಿಟ್ಟ ಎಂಜಿನಿಯರ್ ಜೂನ್ 5ಕ್ಕೆ ಕಲಬುರಗಿಗೆ ಹೋಗುತ್ತಾರೆ. ಅಲ್ಲಿಂದ ಬಂದವರು ಇಂಥ ಮಳೆಯನ್ನು ಟಿವಿಯಲ್ಲಿ ನೋಡಿರುತ್ತಾರೆ ಅಷ್ಟೆ. ಅಧಿಕಾರ ಹಸ್ತಾಂತರದ ಪತ್ರದಲ್ಲಿ ಅಳತೆ ಪುಸ್ತಕಗಳೆಷ್ಟು, ಕಡತಗಳೆಷ್ಟು, ಕುರ್ಚಿಗಳೆಷ್ಟು ಎಂದಿರುತ್ತದೆ. ಬಿರುಕು ಬಿಟ್ಟ ದರೆಗಳೆಷ್ಟು ಎಂದು ಇರುವುದಿಲ್ಲ.

ನನ್ನ ಸಲಹೆ ಎರಡು. ಕರಾವಳಿ ಮತ್ತು ಘಟ್ಟದ ಉಪವಿಭಾಗಗಳಲ್ಲಿ ಶಾಖಾ ಎಂಜಿನಿಯರುಗಳ ವರ್ಗಾವಣೆ ಆದೇಶ ಯಾವಾಗಲೇ ಬರಲಿ, ಬಿಡುಗಡೆ ಅಕ್ಟೋಬರಿನಲ್ಲಿ ಆಗಲಿ. ಎರಡನೆಯದು, ಪ್ರತಿ ಶಾಖೆಗೆ ಒಂದು ರಸ್ತೆ ದಫ್ತರ. ಅಳತೆ ಪುಸ್ತಕದಷ್ಟೇ ಗೌರವದ್ದು, ಪುಟಸಂಖ್ಯೆ ಇರುವಂಥದ್ದು, ಶಾಯಿಯಲ್ಲಿ ಬರೆಯುವಂಥದ್ದು. ಕಿಲೋಮೀಟರಿಗೆ ಒಂದು ಪುಟ. ಮೋರಿ ಎಲ್ಲಿ, ಯಾವಾಗ ಕಟ್ಟಿಕೊಂಡಿತ್ತು, ಯಾರ ತೋಟದೊಳಗೆ ನೀರು ಹೋಗುತ್ತದೆ, ಆ ತೋಟದವರ ತಕರಾರೇನು, ಯಾವ ವರ್ಷ ದರೆ ಜಾರಿತು. ಬರೆಯುವವರು ವರ್ಕ್ ಇನ್‌ಸ್ಪೆಕ್ಟರ್, ಸಹಿ ಮಾಡುವವರು ಶಾಖಾ ಎಂಜಿನಿಯರ್, ವರ್ಷಕ್ಕೆ ಎರಡು ಬಾರಿ ಸ್ಥಳಕ್ಕೇ ಬಂದು ಓದುವವರು ಉಪವಿಭಾಗದ ಅಧಿಕಾರಿ. ಹಸ್ತಾಂತರದ ದಿನ ಹೋಗುವವರೂ ಬರುವವರೂ ಅದನ್ನು ಹಿಡಿದು ಒಟ್ಟಿಗೆ ರಸ್ತೆಯ ಮೇಲೆ ಹೋಗಬೇಕು. ಖರ್ಚು ಒಂದು ಪುಸ್ತಕದ್ದು.

ಕಚೇರಿಯ ಸಿಬ್ಬಂದಿಯ ಬಗ್ಗೆ ಹೇಳಲು ಬಹಳವಿದೆ, ಸಮಯವಿಲ್ಲ. ಒಂದೇ ಮಾತು: ಲೆಕ್ಕಪತ್ರದವರನ್ನೂ ವಿಷಯ ನಿರ್ವಾಹಕರನ್ನೂ ವರ್ಷಕ್ಕೊಮ್ಮೆ ರಸ್ತೆಗೆ ಕರೆದೊಯ್ಯಿರಿ. ತಾವು ವಾರಗಟ್ಟಲೆ ಮೇಜಿನ ಮೇಲಿಟ್ಟುಕೊಂಡ ತುರ್ತು ದುರಸ್ತಿಯ ಕಡತ ನಿಜದಲ್ಲಿ ಹೇಗಿರುತ್ತದೆ ಎಂದು ಅವರೂ ನೋಡಲಿ. ಇನ್ನೊಂದು ಮಾತು, ಇದು ಅಧಿಕಾರಿಗಳಿಗೆ. ಈಗ ಇಲಾಖೆಗೆ ಹೆಣ್ಣುಮಕ್ಕಳು ಎಂಜಿನಿಯರುಗಳಾಗಿ ಬರುತ್ತಿದ್ದಾರೆ. ಅವರನ್ನು ಕಚೇರಿಯಲ್ಲೇ ಕೂರಿಸಿ ಅಂದಾಜು ಪಟ್ಟಿ ಬರೆಸುವುದನ್ನು ಉಪಕಾರವೆಂದು ಕೆಲವರು ತಿಳಿದಿದ್ದಾರೆ. ಅದು ಅವರ ವೃತ್ತಿಯ ಅರ್ಧವನ್ನು ಕಿತ್ತುಕೊಳ್ಳುವುದು. ಘಟ್ಟದ ಕಾಮಗಾರಿ ಸ್ಥಳದಲ್ಲಿ ಒಂದು ಶೌಚಾಲಯ ಮಾಡಿಸಿ, ಜೀಪು ಕೊಡಿ. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಪ್ರಶ್ನೋತ್ತರ

ಒಬ್ಬ ನಿವೃತ್ತ ಶಿಕ್ಷಕರು ಕೇಳಿದರು: ಡ್ರೋನ್ ಬಂದಿದೆ, ಸೇತುವೆಗಳ ಮಾಹಿತಿ ಕಂಪ್ಯೂಟರಿನಲ್ಲಿದೆ ಎನ್ನುತ್ತಾರೆ, ಇನ್ನೂ ಗ್ಯಾಂಗ್‌ಮನ್ ಏಕೆ?

ಹೌದು, ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳನ್ನು ಪಟ್ಟಿ ಮಾಡಿ ಸಂಖ್ಯೆ ಕೊಡುವ ಕೆಲಸವನ್ನು ಕೇಂದ್ರ ಸಚಿವಾಲಯ 2016ರಲ್ಲಿ ಶುರು ಮಾಡಿತು. ಬಹಳ ಉಪಯುಕ್ತ ಕೆಲಸ. ಡ್ರೋನ್ ಗುಡ್ಡದ ನೆತ್ತಿಯ ಬಿರುಕನ್ನು ನಮಗಿಂತ ಚೆನ್ನಾಗಿ ತೋರಿಸುತ್ತದೆ. ಎರಡನ್ನೂ ತನ್ನಿ. ಆದರೆ ಬಿರುಕಿನ ಚಿತ್ರ ಬಂದ ಮೇಲೆ ಅಲ್ಲಿಗೆ ಹತ್ತಿ ಅದನ್ನು ಜೇಡಿಮಣ್ಣಿನಿಂದ ಮುಚ್ಚಿ, ನೀರನ್ನು ಬದಿಗೆ ತಿರುಗಿಸುವವರು ಬೇಕು. ನಮ್ಮ ಸುರಿಮಳೆಯಲ್ಲಿ ಡ್ರೋನ್ ಹಾರುವುದೂ ಇಲ್ಲ.

ಒಬ್ಬ ಗುತ್ತಿಗೆದಾರರು ಕೇಳಿದರು: ನಿಮ್ಮವರಿಗೆ ತರಬೇತಿ ಕೊಟ್ಟರೆ ಸಾಕೇ? ಮೇಲಿನಿಂದ ಬರುವ ಒತ್ತಡಕ್ಕೆ ಏನು ಮಾಡುತ್ತೀರಿ?

ತರಬೇತಿ ಒತ್ತಡವನ್ನು ತೆಗೆಯುವುದಿಲ್ಲ, ಆ ಭ್ರಮೆ ನನಗಿಲ್ಲ. ಆದರೆ ಬರೆದಿಟ್ಟ ದಫ್ತರ ಇದ್ದರೆ ಸುಮ್ಮನಿರಿ ಎಂದು ಹೇಳುವವರು ಸ್ವಲ್ಪ ಯೋಚಿಸುತ್ತಾರೆ. ಬಾಯಿಮಾತನ್ನು ಅಲ್ಲಗಳೆಯುವುದು ಸುಲಭ. ಪುಟಸಂಖ್ಯೆ ಇರುವ ಪುಸ್ತಕದಲ್ಲಿ ಮೇ ತಿಂಗಳಲ್ಲೇ ಬರೆದ ಸಾಲನ್ನು ಜುಲೈಯಲ್ಲಿ ಅಲ್ಲಗಳೆಯುವುದು ಕಷ್ಟ.

ಕೊನೆಗೆ ಡಿಪ್ಲೊಮಾ ಓದುತ್ತಿರುವ ಹುಡುಗಿಯೊಬ್ಬಳು: ಸರ್, ನಾನು ಕೆಲಸಕ್ಕೆ ಸೇರಿದರೆ ಮೊದಲ ತಿಂಗಳು ಏನು ಮಾಡಬೇಕು?

ನಿನ್ನ ಶಾಖೆಯಲ್ಲಿ ಉಳಿದಿರುವ ಎಲ್ಲರಿಗಿಂತ ಹಳೆಯ ಗ್ಯಾಂಗ್‌ಮನ್ ಯಾರೆಂದು ಕೇಳಿಕೋ ಮಗಳೇ. ನಿವೃತ್ತರಾಗಿದ್ದರೆ ಮನೆಗೇ ಹೋಗು. ಅವರನ್ನು ಕರೆದುಕೊಂಡು ರಸ್ತೆಯ ಉದ್ದಕ್ಕೂ ನಡೆ, ಜೀಪಿನಲ್ಲಿ ಹೋಗಬೇಡ. ಪ್ರತಿ ಮೋರಿಯ ಮೇಲ್ಬದಿಯನ್ನು ಎಲ್ಲರೂ ಬಗ್ಗಿ ನೋಡಿ ಹೋಗುತ್ತಾರೆ, ನೀನು ಕೆಳಬದಿಗೂ ಇಳಿ. ಕೊರೆತ ಶುರುವಾಗುವುದು ಅಲ್ಲಿ. ನೋಡಿದ್ದನ್ನು ಅದೇ ದಿನ ಬರೆದಿಡು. ಮಳೆ ಬಿದ್ದ ಮೇಲೆ ಇಳಿಯುವುದಾದರೆ ಉಂಬಳ (ಜಿಗಣೆ) ಹತ್ತುತ್ತದೆ, ಒಂದು ಪೊಟ್ಟಣದಲ್ಲಿ ಉಪ್ಪು ಇಟ್ಟುಕೋ.